ದೂತನ ಪ್ರವೇಶ

ಗೇಟಿನ ಹತ್ತಿರ ಚಪ್ಪಲಿಗಳ ರಾಶಿಯ ಪಕ್ಕ ಬಗ್ಗಿ ನಿಂತ ನಿರ್ದೇಶಕಿ ತನ್ನ ಚಪ್ಪಲಿಯ ಪಟ್ಟಿ ಬಿಚ್ಚಿದಳು, ಮತ್ತೆ ಕಟ್ಟಿಕೊಂಡಳು, ಮತ್ತೆ ಬಿಚ್ಚಿದಳು. ಒಳಗೆ ಹೋಗಲು ಧೈರ್ಯವಿಲ್ಲ, ವಾಪಸು ಹೋಗಲು ಮುಖವಿಲ್ಲ.

"ಒಳಗಾದ್ರೂ ಹೋಗಿ, ಹೊರಗಾದ್ರೂ ಬನ್ನಿ. ದಾರಿ ಬಿಡ್ರಮ್ಮ," ಎಂದ ಹಿಂದೆ ಬುಟ್ಟಿ ಹೊತ್ತು ನಿಂತಿದ್ದ ಹೂವಿನವನು. ವಿಧಿಯಿಲ್ಲದೆ ಒಳಗೆ ಹೋದಳು.

ನಡುಮನೆಯಲ್ಲಿ ದೂತಣ್ಣನನ್ನು ಮಲಗಿಸಿದ್ದರು. ಕಸುಬು ಬೀಗ ರಿಪೇರಿ. ಎಷ್ಟು ತಿಕ್ಕಿ ತೊಳೆದರೂ ಅರದ ಕಪ್ಪು ಅವನ ಉಗುರಿನ ಸಂದಿಯಲ್ಲಿ ಹಾಗೇ ಉಳಿದಿತ್ತು. ಆದರೆ ಇಡೀ ಬೀದಿಗೆ ಅವನು ದೂತಣ್ಣನೇ. 'ಉಪ್ಪಿನ ಅರಮನೆ' ಎಂಬ ಹೆಸರುವಾಸಿ ಸಂಗೀತ ನಾಟಕದ ಮೂರನೇ ಅಂಕದಲ್ಲಿ ಏದುಸಿರು ಬಿಡುತ್ತ ಓಡಿಬಂದು, ಹಡಗು ಬಂತೆಂದು ಮಹಾರಾಣಿಗೆ ಒಂದು ಹಾಡಿನಲ್ಲಿ ತಿಳಿಸಿ ಹೋಗುವ ದೂತ. ಮೂವತ್ತು ವರ್ಷ ಅದೊಂದೇ ಪಾತ್ರ, ಅದೊಂದೇ ಹಾಡು. ಕಂಪನಿಯ ಯಜಮಾನರು ತೀರಿಕೊಂಡ ಮೇಲೆ ನಾಟಕ ನಿಂತುಹೋಗಿತ್ತು. ಈಗ ಹೊಸ ನಿರ್ದೇಶಕಿ, ಹೊಸ ನಟನಟಿಯರು ಸೇರಿ ಅದನ್ನು ಮತ್ತೆ ಎತ್ತಿಕೊಂಡಿದ್ದರು. ನಾಳೆಯೇ ಮೊದಲ ಪ್ರದರ್ಶನ. ಹಳಬರೆಂದು ಉಳಿದಿದ್ದವರು ಇಬ್ಬರೇ, ದೂತಣ್ಣ ಮತ್ತು ಪಿಟೀಲು ಮೇಷ್ಟ್ರು. ಆ ಇಬ್ಬರಲ್ಲಿ ದೂತಣ್ಣನ ದೃಶ್ಯವನ್ನು ನಿರ್ದೇಶಕಿ ಕಿತ್ತುಹಾಕಿದ್ದಳು. ಮೂರು ವಾರ ಕಳೆಯುವುದರೊಳಗೆ ಅವನು ನಿದ್ದೆಯಲ್ಲೇ ಹೋಗಿಬಿಟ್ಟ. ಎರಡನ್ನೂ ಕೂಡಿಸಿ ನೋಡದವರು ಆ ನಡುಮನೆಯಲ್ಲಿ ಯಾರೂ ಇರಲಿಲ್ಲ.

ಹೆಣದ ತಲೆಯ ಬಳಿ ಕೂತಿದ್ದ ಪಿಟೀಲು ಮೇಷ್ಟ್ರು ತಲೆ ಎತ್ತಿದರು.

"ಬಂದ್ರಾ? ಬನ್ನಿ ಬನ್ನಿ. ಕತ್ತರಿ ತಂದಿದೀರಾ?"

ನಿರ್ದೇಶಕಿ ಹೂವಿಟ್ಟು ಕೈಮುಗಿದು ಗೋಡೆಗೆ ಒರಗಿ ನಿಂತಳು.

"ನಾಳೆ ನಾನು ಪಿಟೀಲು ಮುಟ್ಟಲ್ಲ," ಎಂದರು ಮೇಷ್ಟ್ರು. "ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಮಹಾರಾಣಿಯ ಪಾತ್ರದ ಹುಡುಗಿ ಅವರ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಮೇಷ್ಟ್ರೇ, ಟಿಕೆಟ್ಟೆಲ್ಲಾ ಹೋಗಿದೆ," ಎಂದು ಮೆಲ್ಲಗೆ ಹೇಳಿದಳು.

"ಅವನೂ ಹೋದ."

ಮೇಷ್ಟ್ರು ಮೂಗು ಒರೆಸಿಕೊಂಡು, "ಅವನ ಹೆಂಡತಿ ಒಳಗಿದಾಳೆ. ನಾಟಕ ನಡೀಲಿ ಅಂತ ಅವಳು ಬಾಯ್ಬಿಟ್ಟು ಹೇಳ್ಲಿ, ನುಡಿಸ್ತೀನಿ. ಯಾವ ಮುಖ ಇಟ್ಕೊಂಡು ಕೇಳ್ತೀರೋ ಕೇಳಿ," ಎಂದರು.

*

ಮೂರು ವಾರದ ಹಿಂದೆ ಬೀಗದ ಅಂಗಡಿಗೆ ನಿರ್ದೇಶಕಿ ಒಬ್ಬಳೇ ಹೋಗಿದ್ದಳು. ದೂತಣ್ಣ ಬೀಗವೊಂದರ ಹೊಟ್ಟೆ ಬಿಚ್ಚಿ, ಒಳಗಿನ ಸ್ಪ್ರಿಂಗುಗಳನ್ನು ಹಳೇ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟುಕೊಂಡಿದ್ದ.

"ಕೂತ್ಕೊಳ್ಳಿ ಮೇಡಂ. ರಿಹರ್ಸಲ್ಲು ಯಾವತ್ತು ಅಂತ ಹೇಳೋಕೆ ಬಂದ್ರಾ?" ಅವನು ನಕ್ಕ. ನಗು ತುಟಿಯಲ್ಲಿತ್ತು, ಕಣ್ಣಲ್ಲಿರಲಿಲ್ಲ. ಅವಳು ಅದನ್ನು ವಯಸ್ಸಾದವರ ದಣಿವು ಅಂದುಕೊಂಡಳು.

ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ನಾಟಕ ತುಂಬಾ ಉದ್ದ ಆಗ್ತಿದೆ, ಈಗಿನ ಜನ ಅಷ್ಟೊತ್ತು ಕೂರಲ್ಲ, ಹಡಗನ್ನ ಮಹಾರಾಣಿ ತಾನೇ ಕಿಟಕೀಲಿ ನೋಡಿದ್ರೆ ಕತೆಗೂ ಜೋರು ಬರುತ್ತೆ. ದೂತನ ದೃಶ್ಯ ಇರಲ್ಲ. ನಿಮ್ಮ ಬಗ್ಗೆ ಗೌರವ ಇಲ್ಲ ಅಂತಲ್ಲ.

ದೂತಣ್ಣ ಕೈಯಲ್ಲಿದ್ದ ಚಿಮಟ ಕೆಳಗಿಟ್ಟ. ಎದ್ದು ಗೋಡೆಯ ಕಡೆ ತಿರುಗಿದ. ಅವನ ಹೆಗಲು ಅಲುಗುತ್ತಿತ್ತು. ಆಮೇಲೆ ಒಂದು ಮಾತೂ ಆಡದೆ, ಬಿಚ್ಚಿದ ಬೀಗವನ್ನು ಬಿಚ್ಚಿದ ಹಾಗೇ ಬಿಟ್ಟು, ಮಟಮಟ ಮಧ್ಯಾಹ್ನದಲ್ಲಿ ಶಟರ್ ಎಳೆದು ನಡೆದುಬಿಟ್ಟ. ನಿರ್ದೇಶಕಿ ಆ ಮುಚ್ಚಿದ ಶಟರಿನ ಮುಂದೆ ನಿಂತು ಅತ್ತಿದ್ದಳು. ಅವತ್ತಿನಿಂದ ಅವಳಿಗೂ ಸರಿಯಾಗಿ ನಿದ್ದೆ ಇರಲಿಲ್ಲ.

*

ಮಣ್ಣು ಮಾಡಿ ಬಂದವರೆಲ್ಲ ಅಂಗಳದ ಕುರ್ಚಿಗಳಲ್ಲಿ ಕೂತಿದ್ದಾಗ ಅವಳು ಅಡುಗೆಮನೆಗೆ ಹೋದಳು. ದೂತಣ್ಣನ ಹೆಂಡತಿ ಅಟ್ಟದ ಮೇಲಿನ ದೊಡ್ಡ ಪಾತ್ರೆಗೆ ಕೈ ಚಾಚಿ ನಿಂತಿದ್ದಳು. ನಿರ್ದೇಶಕಿ ಇಳಿಸಿಕೊಟ್ಟಳು.

"ಇಷ್ಟು ಜನಕ್ಕೆ ಚಿಕ್ಕದ್ರಲ್ಲಿ ಟೀ ಆಗಲ್ಲ," ಎಂದಳು ಹೆಂಡತಿ. ಆಮೇಲೆ ಮುಖ ನೋಡಿ, "ನೀವೇನಾ ನಾಟಕದವರು? ಇವರ ಪಾರ್ಟು ತೆಗೆಸಿದ್ದು?"

"ಹೌದಮ್ಮಾ. ನಾನೇ. ನೀವು ಏನು ಬೈದ್ರೂ ಬೈಸ್ಕೋತೀನಿ. ನಾಟಕ ಬೇಡ ಅಂದ್ರೆ ಇವತ್ತೇ ನಿಲ್ಲಿಸಿಬಿಡ್ತೀನಿ. ನನ್ನಿಂದಾನೇ ಅವರು…"

ಹೆಂಡತಿ ಒದ್ದೆ ಕೈಯನ್ನು ಟವೆಲ್ಲಿಗೆ ಒರೆಸಿಕೊಂಡು ಬಂದು ಅವಳ ಎರಡೂ ಕೈ ಹಿಡಿದುಕೊಂಡಳು.

"ನಿನ್ನ ಹೊಟ್ಟೆ ತಣ್ಣಗಿರ್ಲಿ ತಾಯಿ."

ನಿರ್ದೇಶಕಿಗೆ ಅರ್ಥವಾಗಲಿಲ್ಲ.

"ಅಯ್ಯೋ, ನಿಂಗೇನು ಗೊತ್ತು! ನಾಟಕ ಇದ್ದ ದಿನ ಈ ಮನುಷ್ಯನಿಗೆ ಒಂದು ತುತ್ತು ಗಂಟಲಲ್ಲಿ ಇಳೀತಿರ್ಲಿಲ್ಲ. ಬೆಳಿಗ್ಗೆಯಿಂದ ವಾಂತಿ. ಕೈಕಾಲು ಐಸು. ಸ್ಟೇಜಿನ ಪಕ್ಕದ ಪರದೆ ಹಿಂದೆ ನಾನು ನಿಂತಿರ್ಬೇಕು, ಒಂದು ಕೈಲಿ ನೀರು, ಒಂದು ಕೈಲಿ ಬಕೆಟ್ಟು. ಓಡಿ ಬರೋ ದೂತ ಏದುಸಿರು ಬಿಡ್ತಾನಲ್ಲ, ಜನ ಆಹಾ ಎಂಥ ನಟನೆ ಅಂತಿದ್ರು. ನಟನೆಯಂತೆ ನಟನೆ!"

*

ಶುರುವಾದದ್ದು ಒಂದು ಬೀಗದಿಂದ. ನಾಟಕದ ಬಟ್ಟೆ ತುಂಬಿದ ಪೆಟ್ಟಿಗೆಯ ಬೀಗ ಕೈಕೊಟ್ಟಿತೆಂದು ಹೊಸದಾಗಿ ಮದುವೆಯಾಗಿದ್ದ ಅವನನ್ನು ಕರೆಸಿದ್ದರು. ಅವನು ಕೆಲಸ ಮಾಡುತ್ತ ಏನೋ ಗುನುಗಿದ. ಅವತ್ತೇ ದೂತನ ಪಾತ್ರದವನು ಜ್ವರ ಬಂದು ಮಲಗಿದ್ದ. ಯಜಮಾನರು ಹಿಂದುಮುಂದು ನೋಡದೆ ಅದೇ ಪೆಟ್ಟಿಗೆಯಿಂದ ದೂತನ ಅಂಗಿ ತೆಗೆದು ಅವನಿಗೆ ತೊಡಿಸಿಬಿಟ್ಟರು. ಇಲ್ಲ ಅನ್ನಲು ಬಾಯಿ ಬಾರದ ಪ್ರಾಣಿ. ಹಾಡಿದ, ಜನ ಚಪ್ಪಾಳೆ ತಟ್ಟಿದರು, ಯಜಮಾನರು ತಬ್ಬಿಕೊಂಡು "ನೀನಿನ್ನು ನಮ್ಮವನು ಕಣೋ" ಎಂದರು.

ಮುಂದಿನ ಸಲ ನನ್ನ ಕೈಲಾಗಲ್ಲ ಅಂತ ಹೇಳಿಬಿಡ್ತೀನಿ, ಎಂದ ಅವನು ಹೆಂಡತಿಗೆ. ಅದರ ಮುಂದಿನ ಸಲವೂ ಹಾಗೇ ಎಂದ. ಪಾತ್ರ ಮುಗಿದ ಕೂಡಲೇ ಹಿಂಬಾಗಿಲಿಂದ ಅವನನ್ನು ಕರೆದುಕೊಂಡು ಬಂದು ಗಂಜಿ ಕುಡಿಸಿ ಮಲಗಿಸುವುದು ಅವಳ ಪಾಲಿನ ನಾಟಕವಾಯಿತು.

*

"ನೀನು ಬೇಡ ಅಂದ ದಿನ ಇದ್ಯಲ್ಲ," ಎಂದಳು ಹೆಂಡತಿ, "ಅಂಗಡಿ ಮುಚ್ಕೊಂಡು ಬಂದವರೇ ನಗೋಕೆ ಶುರು ಮಾಡಿದ್ರು. ಬೀದಿ ಉದ್ದಕ್ಕೂ ನಗು ತಡ್ಕೊಂಡು ಬಂದ್ರಂತೆ. ಹಾಕು ಊಟ ಅಂದ್ರು. ಮೂರು ಸಲ ಹಾಕಿಸ್ಕೊಂಡು ಉಂಡ್ರು. ಸಂಜೆ ನನ್ನನ್ನ ಪಾರ್ಕಿಗೆ ಕರ್ಕೊಂಡು ಹೋದ್ರು ಕಣಮ್ಮ. ಮೂರು ವಾರ ಮಗು ಹಾಗೆ ನಿದ್ದೆ ಮಾಡಿದ್ರು. ಆ ನಿದ್ದೇಲೇ ಹೋದ್ರು. ನನಗೆ ಹೊಟ್ಟೆ ಉರೀತಿದೆ, ಇಲ್ಲ ಅನ್ನಲ್ಲ. ಆದ್ರೆ ಹೆದ್ರಿಕೊಂಡು ಹೋಗ್ಲಿಲ್ವಲ್ಲ, ಅಷ್ಟೇ ಸಾಕು."

ನಿರ್ದೇಶಕಿಯ ಎದೆಯ ಮೇಲಿನ ಕಲ್ಲು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡ ಮುಖ.

"ಮೂವತ್ತು ವರ್ಷ! ನನ್ನ ಹತ್ರ ಒಂದು ಮಾತು ಹೇಳ್ಬಾರ್ದಿತ್ತಾ ತಂಗೀ?"

"ಹೇಗೆ ಹೇಳೋದು ಮೇಷ್ಟ್ರೇ? ಪ್ರತಿ ಸಲ 'ನೀನಿಲ್ದೆ ನಾಟಕ ಇಲ್ಲ' ಅಂತ ತಬ್ಕೋತಿದ್ರಿ. ಮೇಷ್ಟ್ರು ಬೇಜಾರು ಮಾಡ್ಕೋತಾರೆ ಕಣೇ ಅಂತಿದ್ರು ಇವರು."

ಮೇಷ್ಟ್ರು ಒಲೆಯ ಪಕ್ಕದ ಸ್ಟೂಲಿನ ಮೇಲೆ ಕುಸಿದರು. ತಮ್ಮ ಕೈಗಳನ್ನೇ ನೋಡಿಕೊಂಡರು.

"ಆ ಹಾಡು ನುಡಿಸೋವಾಗ ನನಗೆ ಆಕಳಿಕೆ ಬರ್ತಿತ್ತು," ಎಂದರು. "ಎಳೆದೂ ಎಳೆದೂ ಸಾಕಾಗಿತ್ತು. ತೆಗೆದುಬಿಡೋಣ ಅಂತ ಯಜಮಾನರೇ ಎರಡು ಸಲ ಅಂದ್ರು. ಅವನು ಎದೆ ಒಡ್ಕೋತಾನೆ, ಬೇಡಿ ಅಂತ ಕಾಲಿಗೆ ಬಿದ್ದು ಉಳಿಸಿದ್ದು ನಾನು."

ಹೆಂಡತಿ ಅವರನ್ನೇ ನೋಡಿದಳು. ಟವೆಲ್ಲನ್ನು ಬಾಯಿಗೆ ತುರುಕಿಕೊಂಡರೂ ನಗು ನಿಲ್ಲಲಿಲ್ಲ. ಮೇಷ್ಟ್ರಿಗೂ ತಡೆಯಲಾಗಲಿಲ್ಲ. ಸತ್ತವನ ಅಕ್ಕ ಹೊರಗಿನಿಂದ ಗಾಬರಿಯಾಗಿ ಕೂಗಿದಳು: "ಏನಾಯ್ತು? ಅಳ್ತಿದಾಳಾ?"

"ಹೂಂ, ಅಳ್ತಿದಾರೆ," ಎಂದಳು ನಿರ್ದೇಶಕಿ. ಅಷ್ಟು ಹೇಳುವುದರೊಳಗೆ ಅದು ನಿಜವೂ ಆಗಿತ್ತು.

ಕಣ್ಣೊರೆಸಿಕೊಂಡ ಮೇಲೆ ಹೆಂಡತಿ ಕೇಳಿದಳು, "ಇವತ್ತು ರಿಹರ್ಸಲ್ ಇದ್ಯಾ?"

"ಸಂಜೆ ಇತ್ತು. ನೀವು ಹೂಂ ಅಂದ್ರೆ…"

"ಹೂಂ ಅನ್ನೋದೇನು, ನಾನೂ ಬರ್ತೀನಿ. ಅಷ್ಟು ವರ್ಷದಲ್ಲಿ ಪರದೆ ಹಿಂದಿಂದ ಮಹಾರಾಣಿಯ ಒಂದು ಕಿವಿ, ಒಂದು ಕೆನ್ನೆ ಬಿಟ್ರೆ ಏನೂ ಕಂಡಿಲ್ಲ ನಾನು."

ಬಾಗಿಲಿಗೆ ಬಂದಿದ್ದ ಸತ್ತವನ ಅಕ್ಕ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಇವತ್ತಾ? ಜನ ಏನಂದಾರು!"

"ಅಲ್ಲಿ ಹೋದ್ರೆ ಜನ ಅಂತಾರೆ, ಇಲ್ಲಿ ಕೂತ್ರೆ ನೀವೆಲ್ಲ ಅಂತೀರ ಅತ್ತಿಗೆ. ಬಿಡಿ."

*

ಸಂಜೆ ಖಾಲಿ ಸಭಾಂಗಣದ ನಟ್ಟನಡುವೆ ನಿರ್ದೇಶಕಿ, ಹೆಂಡತಿ ಇಬ್ಬರೂ ಅಕ್ಕಪಕ್ಕ ಕೂತರು. ಸ್ಟೇಜಿನ ಕೆಳಗೆ ಮೇಷ್ಟ್ರು ಪಿಟೀಲನ್ನು ಗಲ್ಲಕ್ಕೆ ಒತ್ತಿಕೊಂಡಿದ್ದರು. ಮೊದಲೆರಡು ಅಂಕ ಹೆಂಡತಿ ಕಣ್ಣರಳಿಸಿಕೊಂಡು ನೋಡಿದಳು.

ಮೂರನೇ ಅಂಕದಲ್ಲಿ ಮಹಾರಾಣಿ ಒಬ್ಬಳೇ ಉಳಿದಳು. ಪಿಟೀಲಿನ ದನಿ ಇಳಿಯಿತು. ಹೆಂಡತಿಯ ಕೈ ತಟ್ಟನೆ ನಿರ್ದೇಶಕಿಯ ಮಣಿಕಟ್ಟನ್ನು ಹಿಡಿಯಿತು. ಉಗುರುಗಳು ಚರ್ಮಕ್ಕೆ ಇಳಿದವು. ಅವಳು ಉಸಿರಾಡುತ್ತಿರಲಿಲ್ಲ, ಕಣ್ಣು ಪಕ್ಕದ ಪರದೆಯ ಮೇಲಿತ್ತು.

ಪರದೆ ಅಲುಗಲಿಲ್ಲ. ಯಾರೂ ಓಡಿಬರಲಿಲ್ಲ. ಮಹಾರಾಣಿ ಕಿಟಕಿಯ ಕಟ್ಟೆ ಹತ್ತಿ, ದೂರಕ್ಕೆ ನೋಡಿ, ಹಡಗು ಬಂತೆಂದು ತಾನೇ ಹಾಡಿದಳು.

ಹಿಡಿತ ಒಂದೊಂದೇ ಬೆರಳಾಗಿ ಸಡಿಲವಾಯಿತು. ನಿರ್ದೇಶಕಿಯ ಮಣಿಕಟ್ಟಿನ ಮೇಲೆ ನಾಲ್ಕು ಉಗುರಿನ ಗುರುತು ಉಳಿದಿತ್ತು. ಹೆಂಡತಿ ಕುರ್ಚಿಗೆ ಪೂರ್ತಿ ಒರಗಿ, ಸ್ಟೇಜಿನಿಂದ ಕಣ್ಣು ತೆಗೆಯದೆ ಪಿಸುಗುಟ್ಟಿದಳು:

"ಆಮೇಲೆ ಏನಾಗುತ್ತಮ್ಮ? ಇಲ್ಲಿಂದ ಮುಂದೆ ನನಗೆ ಗೊತ್ತೇ ಇಲ್ಲ."