ಚಪ್ಪಾಳೆ ತಟ್ಟಿಸಿಕೊಂಡ ಸೂಚನೆ

ಕಡಲಂಚಿನ ಆ ಕೇರಿಯಲ್ಲಿ ನಾಲ್ಕನೇ ತರಗತಿಯ ಹುಡುಗಿ ಮರಿವಿಕ್‌ಳಷ್ಟು ಸರಸರ ಓದುವವರಿಲ್ಲ. ಒಂದು ಬೆಳಿಗ್ಗೆ ಅಂಗಡಿ ಗೋಡೆಗೆ ಪಂಚಾಯಿತಿಯವರು ಅಂಟಿಸಿದ ಸೂಚನೆಯನ್ನು ಅವಳೇ ಗಟ್ಟಿಯಾಗಿ ಓದಿದಳು. ಅರ್ಥದ ಕಡೆ ಗಮನ ಕೊಡದೆ, ಓದಿದ ವೇಗಕ್ಕೇ ಜನ ಚಪ್ಪಾಳೆ ತಟ್ಟಿದರು. ಅವಳ ಲೋಲಾ (ಅಲ್ಲಿನ ಮಾತಲ್ಲಿ ಅಜ್ಜಿ) ಪಾಸಿಂಗ್, ಹೆಮ್ಮೆಯಿಂದ ಬೀಗುತ್ತ ಕೊಲ್ಲಿಗೆ ಹೋಗಿ ಬುಟ್ಟಿ ತುಂಬ ಚಿಪ್ಪುಮೀನು ಕಿತ್ತು ತಂದಳು.

ಸಂಜೆ ಮಕ್ಕಳ ಓದಿನ ಕೂಟ ನಡೆಸುವ ಡೆಲಿಯಕ್ಕ ಅದೇ ಗೋಡೆಯ ಮುಂದೆ ಕೇಳಿದಳು, “ಓದಿದ್ಯಂತಲ್ಲ, ಏನಂತೆ ಇದರಲ್ಲಿ?”

ಮರಿವಿಕ್‌ಗೆ ಓದಿದ್ದು ಒಂದೂ ಅರ್ಥವಾಗಿರಲಿಲ್ಲ. ತುಂಬಾ ಅವಮಾನವಾಯಿತು. ಇಬ್ಬರೂ ನಿಧಾನವಾಗಿ ಮತ್ತೆ ಓದಿದರು. ಕೊಲ್ಲಿಗೆ ಕೆಂಪು ನೀರು, ಅಂದರೆ ವಿಷಪಾಚಿ, ಬಂದಿದೆ. ಚಿಪ್ಪುಮೀನು ತಿನ್ನಬೇಡಿ. ಬೇಯಿಸಿದರೂ ವಿಷ ಹೋಗುವುದಿಲ್ಲ.

ಮರಿವಿಕ್ ಒಂದೇ ಉಸಿರಿಗೆ ಮನೆಗೆ ಓಡಿದಳು. ಒಲೆ ಮೇಲೆ ಮಡಕೆ ಕುದಿಯುತ್ತಿತ್ತು. ತಂಗಿ ಬಿನಿಂಗ್ ತಟ್ಟೆ ಹಿಡಿದು ಕೂತಿದ್ದಳು. “ತಿನ್ಬೇಡ, ಚಿಪ್ಪಲ್ಲಿ ವಿಷ ಇದೆ ಅಂತ ಸೂಚನೇಲಿದೆ!” ಎಂದು ಮರಿವಿಕ್ ಆ ತಟ್ಟೆ ಕಿತ್ತುಕೊಂಡಳು.

“ಶುಂಠಿ, ವಿನೆಗರ್ ಹಾಕಿದೀನಿ ಕಣೇ, ವಿಷ ಕರಗುತ್ತೆ. ಹಾಗಂತ ಸಂತೇಲಿ ಚೀಟಿ ಹಂಚಿದಾರೆ, ನೋಡು,” ಎಂದಳು ಲೋಲಾ.

ಮರಿವಿಕ್ ಚೀಟಿ ತಿರುಗಿಸಿ ನೋಡಿದಳು. “ಬರೆದವರ ಹೆಸರೇ ಇಲ್ವಲ್ಲ. ಹಂಚಿದ್ದು ಯಾರು?”

“ಚಿಪ್ಪು ಮಾರೋನು.”

“ಜನ ತಿನ್ನದಿದ್ರೆ ನಷ್ಟ ಯಾರಿಗೆ? ನೀರು ಪರೀಕ್ಷೆ ಮಾಡಿದ್ದು ಅವನಾ?”

“ದೊಡ್ಡವರಿಗೆ ಎದುರು ಮಾತಾಡ್ತೀಯಾ? ಪಿಲೊಸೊಪೊ,” ಎಂದು ಲೋಲಾ ಗದರಿದಳು. ತಿರುಗಿ ಪ್ರಶ್ನೆ ಕೇಳುವ ಮಕ್ಕಳಿಗೆ ಅಲ್ಲಿ ಸಿಗುವ ಬಿರುದು ಅದು.

“ಹಾಗೇ ಅನ್ನು. ತಟ್ಟೆ ಮಾತ್ರ ಕೊಡಲ್ಲ.”

“ಬೆಳಿಗ್ಗೆ ನೀನೇ ಓದಿದ್ಯಲ್ಲ, ಆಗ್ಯಾಕೆ ಹೇಳಲಿಲ್ಲ?”

“ಆಗ ಓದಿದ್ದೆ ಅಷ್ಟೇ ಲೋಲಾ, ತಿಳ್ಕೊಂಡಿರಲಿಲ್ಲ. ನೀವ್ಯಾರೂ ಕೇಳಲೂ ಇಲ್ಲ. ಚಪ್ಪಾಳೆ ತಟ್ಟಿದ್ರಿ.”

ಲೋಲಾ ಒಲೆ ಆರಿಸಿದಳು. ಮಡಕೆ ಎತ್ತಿಕೊಂಡು ಹಿತ್ತಲಿಗೆ ಹೋಗಿ, ಕೋಳಿ ಕೆದಕದಷ್ಟು ಆಳಕ್ಕೆ ಗುಂಡಿ ತೋಡಿ ಎಲ್ಲವನ್ನೂ ಹೂತಳು. ಆ ರಾತ್ರಿ ಊಟ ಬರೀ ಅನ್ನ, ಉಪ್ಪು.

ಮರುದಿನ ಸಂತೆಯಲ್ಲಿ ಚಿಪ್ಪು ಮಾರುವವನ ಮೂಗಿನೆದುರು ಲೋಲಾ ಚೀಟಿ ಹಿಡಿದಳು. “ಇದನ್ನ ಬರೆದವರ್ಯಾರಪ್ಪ? ಪರೀಕ್ಷೆ ಮಾಡಿದವರ್ಯಾರು?”

“ನಿಮಗ್ಯಾಕಮ್ಮ ಈ ತರಲೆ?”

“ನಮ್ಮನೇಲಿ ಎಲ್ಲರೂ ಪಿಲೊಸೊಪೊಗಳೇ.”

ಅಪ್ಪ ಅಮ್ಮಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಮಗು ಇವತ್ತು ಓದಿದ್ದರಲ್ಲಿ ಏನಿತ್ತು ಎಂದು ಕೇಳಿ. ಅದನ್ನು ಬರೆದವರು ಯಾರು, ಯಾಕೆ ಬರೆದರು ಎಂದು ಮಗು ನಿಮ್ಮನ್ನೇ ತಿರುಗಿ ಕೇಳಿದರೆ ಬಾಯಿ ಮುಚ್ಚಿಸಬೇಡಿ, ಕೂತು ಉತ್ತರ ಹುಡುಕಿ. ಚಪ್ಪಾಳೆ ಆಮೇಲೆ ತಟ್ಟೋಣ.