ಗಿಳಿಹಸಿರು ದಾರ

ಮಂಡಿ ವನಜಾಕ್ಷಿಯದು. ಅದರ ಬಗ್ಗೆ ಸುಳ್ಳು ಹೇಳಿದವನು ಅವಳ ಗಂಡ ದೊಡ್ಡಪಾಲಯ್ಯ.

ಮಗಳು ನಾಗವೇಣಿಗೆ ಬಿ.ಜಿ. ಕೆರೆಯ ತಿಪ್ಪೇರುದ್ರನ ಸಂಬಂಧ ಕುದುರುವ ಹಾಗಿತ್ತು. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಮೊಳಕಾಲ್ಮೂರಿನ ಮನೆಯಲ್ಲಿ ನಾಗವೇಣಿ ಆಗಲೇ ಫೋನು ಹಿಡಿದು ಮಹಡಿ ಮೆಟ್ಟಿಲ ಮೇಲೆ ಕೂರತೊಡಗಿದ್ದಳು. ಅಷ್ಟರಲ್ಲಿ ಸಂಬಂಧ ತಂದ ಕ್ಯಾತಪ್ಪ ಬಂದು, ಕಾಫಿ ಲೋಟ ಕೈ ಸೇರಿದ ಮೇಲೆ ಮೆಲ್ಲಗೆ ಬಾಯಿಬಿಟ್ಟ.

"ಹುಡುಗನ ಅವ್ವ ಕೊಲ್ಲಾಪುರಮ್ಮಾರು ಒಂದು ಮಾತು ಕೇಳಿದ್ರು. ಸಂತೆಯಾಗೆ ನಿಮ್ಮೋರು ಕಾಲು ಎಳ್ಕಂಡು ನಡೀತಿದ್ರಂತೆ. ಮಂಡಿ ನೋವು ವಂಶದಾಗೆ ಐತಾ ಅಂತ. ಅವರದು ಹೊಲದ ಮನೆ, ಸೊಸಿ ಕಾಲು ಗಟ್ಟಿ ಇರ್ಬೇಕು ನೋಡ್ರಿ."

ವನಜಾಕ್ಷಿ ಬಾಯಿ ತೆರೆಯುವ ಮೊದಲೇ ದೊಡ್ಡಪಾಲಯ್ಯ ಎದೆ ಮುಂದೆ ಮಾಡಿದ. "ಮಂಡಿ ನೋವಾ? ನಮ್ಮೋಳಿಗಾ? ವರ್ಷ ವರ್ಷ ನಾಯಕನಹಟ್ಟಿ ಸ್ವಾಮಿ ಗುಡಿಗೆ ಬರಿಗಾಲಾಗೆ ನಡ್ಕಂಡು ಹೋಗ್ತಾಳೆ ಕಣಲೇ."

ವನಜಾಕ್ಷಿ ವರ್ಷವೂ ಹಟ್ಟಿಗೆ ಹೋಗುತ್ತಿದ್ದುದು ನಿಜ. ಬಸ್ಸಿನಲ್ಲಿ, ಕಿಟಕಿ ಪಕ್ಕ ಕೂತು.

ಮಾತು ಬಿ.ಜಿ. ಕೆರೆ ಮುಟ್ಟಿ ಬೇಗನೆ ತಿರುಗಿ ಬಂತು. ಕೊಲ್ಲಾಪುರಮ್ಮ ಹೇಳಿ ಕಳಿಸಿದ್ದಳು: ಈ ಸಲ ಹುಣ್ಣಿಮೆಗೆ ತಾನೂ ಮೊಳಕಾಲ್ಮೂರಿನಿಂದಲೇ ನಡೆಯುತ್ತೇನೆ, ಇಬ್ಬರೂ ಜೊತೆಗೆ ಹೋಗೋಣ, ಮದುವೆ ಮಾತನ್ನು ಸ್ವಾಮಿಯ ಮುಂದೆಯೇ ಮುಗಿಸೋಣ.

ದೊಡ್ಡಪಾಲಯ್ಯ ಹೆಂಡತಿಗೆ ನೋವಿನ ಎಣ್ಣೆಯ ಬಾಟಲಿಯೊಂದನ್ನು ತಂದಿಟ್ಟು, ಅವಳ ಕಣ್ಣಿಗೆ ಬೀಳದಂತೆ ಓಡಾಡಿದ. ಅವಳಿಗೆ ಸಿಟ್ಟು ಬರಲಿಲ್ಲವೆಂದಲ್ಲ. ಆದರೆ ರೊಟ್ಟಿ ತಟ್ಟುತ್ತಿದ್ದಾಗ ಮೆಟ್ಟಿಲ ಮೇಲಿಂದ ಮಗಳ ನಗು ಕೇಳುತ್ತಿತ್ತು. ಬೇರೆ ಯಾರ ಹತ್ತಿರ ಮಾತಾಡುವಾಗಲೂ ಅವಳು ಹಾಗೆ ನಕ್ಕಿರಲಿಲ್ಲ. ತನ್ನ ಒಂದು ಮಂಡಿಗಾಗಿ ಆ ನಗು ನಿಲ್ಲಬಾರದು ಅಂದುಕೊಂಡು, ವನಜಾಕ್ಷಿ ಎಣ್ಣೆಯ ಬಾಟಲಿಯನ್ನು ಬುತ್ತಿಗಂಟಿನ ತಳಕ್ಕೆ ತುರುಕಿದಳು.

ಹುಣ್ಣಿಮೆಗೆ ಮೊಳಕಾಲ್ಮೂರಿನಿಂದ ನಡೆದು ಹೊರಟ ತಂಡದ ಯಜಮಾನ ಮಾರಯ್ಯ. ಕೂತರೆ ಕಾಲು ಹಿಡಿದುಕೊಳ್ಳುತ್ತವೆಂದು ಯಾರನ್ನೂ ಕೂರಗೊಡದ ಮನುಷ್ಯ. ಬಿಸಿಲೇರುತ್ತಿದ್ದ ಹಾಗೆ ಡಾಂಬರು ಕಾವಲಿಯಾಯಿತು. ತಿಳಿದವರೆಲ್ಲ ರಸ್ತೆ ಅಂಚಿಗೆ ಎಳೆದ ಬಿಳಿ ಗೆರೆಯ ಮೇಲೆ ಇರುವೆ ಸಾಲಿನಂತೆ ನಡೆದರು. ಬಣ್ಣ ಬಳಿದಲ್ಲಿ ಅಷ್ಟು ಸುಡುವುದಿಲ್ಲ.

"ಅಕ್ಕಾರೇ, ನೀವು ಗೆರೆ ಮ್ಯಾಲೆ ಬರ್ರಿ," ಎಂದಳು ವನಜಾಕ್ಷಿ, ಜೊತೆಗಿದ್ದ ಕೊಲ್ಲಾಪುರಮ್ಮನಿಗೆ.

"ನನಗ್ಯಾಕವ್ವ ಗೆರೆ? ಹೊಲದಾಗೆ ಸವೆದ ಕಾಲು. ನೀವು ನಡೀರಿ."

"ಅಯ್ಯೋ, ನನಗೆ ವರ್ಷಾ ರೂಢಿ ಐತೆ."

ಹೀಗೆ ಒಬ್ಬಳು ಗೆರೆಯ ಈ ಕಡೆ, ಒಬ್ಬಳು ಆ ಕಡೆ ಸುಡುವ ಡಾಂಬರು ತುಳಿದರು. ನಡುವೆ ಬಿಳಿ ಗೆರೆ ತಣ್ಣಗೆ, ಖಾಲಿಯಾಗಿ ಬಿ.ಜಿ. ಕೆರೆಯವರೆಗೂ ಜೊತೆಗೆ ಬಂತು.

ಸಂಜೆ ತಂಡ ಅಲ್ಲಿಯೇ ಗುಡಿಯ ಅಂಗಳದಲ್ಲಿ ಉಳಿಯಿತು. ಕೊಲ್ಲಾಪುರಮ್ಮನ ಮನೆ ಎದುರು ಬೀದಿಯಲ್ಲೇ ಕಾಣುತ್ತಿತ್ತು.

"ಹೋಗಿ ಮಲ್ಕಂಡು ಬರ್ರಿ ಅಕ್ಕಾರೇ," ಅಂದಳು ವನಜಾಕ್ಷಿ, ಮನಸ್ಸಿನಲ್ಲಿ ತನ್ನನ್ನೂ ಕರೆಯಲಿ ಎಂದುಕೊಂಡು.

"ಹೊಸ್ತಿಲು ತುಳಿದ್ರೆ ನಡಿಗೆ ಕೆಡ್ತೈತೆ," ಎಂದ ಕೊಲ್ಲಾಪುರಮ್ಮ ತನ್ನ ಮನೆಯ ಕಡೆ ಒಮ್ಮೆ ನೋಡಿ, ಉಸಿರುಬಿಟ್ಟು, ಬಂಡೆಯ ಮೇಲೆ ಟವಲು ಹಾಸಿದಳು.

ಮರುದಿನ ವರವು ಕಾವಲು ಎಂಬ ಹುಲ್ಲುಗಾವಲಿನ ಬೇಲಿ ಸಿಕ್ಕಿತು. ಮರವಿಲ್ಲ, ನೆರಳಿಲ್ಲ, ಬರೀ ಒಣಹುಲ್ಲು. ನಡೆದಷ್ಟೂ ಬೇಲಿ ತಮ್ಮ ಜೊತೆಗೇ ನಡೆದುಬರುತ್ತಿದೆಯೇನೋ ಅನ್ನಿಸುತ್ತಿತ್ತು. ವನಜಾಕ್ಷಿಯ ಮಂಡಿ ಕಟಕಟ ಅನ್ನುತ್ತಿತ್ತು, ಹಿಮ್ಮಡಿಯಲ್ಲಿ ನಿಂಬೆಹಣ್ಣಿನಷ್ಟು ಬೊಬ್ಬೆ ಎದ್ದಿತ್ತು. ಕಾಲು ಎಳೆಯುವುದು ಕಾಣದಿರಲೆಂದು ಅವಳು ಆಗಾಗ ನಿಂತು ಆಕಾಶ ನೋಡುತ್ತಿದ್ದಳು. ಕೊಲ್ಲಾಪುರಮ್ಮನೂ ನಿಂತು ಆಕಾಶ ನೋಡುತ್ತಿದ್ದಳು. ಆಕಾಶದಲ್ಲಿ ಒಂದು ಕಾಗೆಯೂ ಇರಲಿಲ್ಲ.

ಬೇಲಿ ಮುಗಿಯುವಲ್ಲಿ ದಾದಾಪೀರನ ಪಂಕ್ಚರ್ ಅಂಗಡಿ. ಹುಣ್ಣಿಮೆಯ ದಿನಗಳಲ್ಲಿ ಅವನು ನಡೆದು ಬರುವವರಿಗೆಲ್ಲ ಮಜ್ಜಿಗೆ ಕೊಡುತ್ತಿದ್ದ. ಹಿಂದೆ ಪರದೆ ಕಟ್ಟಿಕೊಂಡು ಅವನ ಹೆಂಡತಿ ದಿಲ್ಶಾದ್ ಬೇಗಂ ಹೆಂಗಸರ ಕಾಲು ನೋಡುತ್ತಿದ್ದಳು.

"ಒಂಚೂರು ನೀರು ಕೇಳ್ಕಂಡು ಬರ್ತೀನಿ," ಎಂದು ವನಜಾಕ್ಷಿ ಪರದೆಯೊಳಗೆ ನುಸುಳಿ, ಕೂತು, ಎಲ್ಲವನ್ನೂ ಹೇಳಿಬಿಟ್ಟಳು.

ದಿಲ್ಶಾದ್ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು. "ಮಂಡಿ ನಿಮ್ದು, ಸುಳ್ಳು ಯಜಮಾನ್ರದು, ನಡಿಯೋದು ಮತ್ತೆ ನಿಮ್ದೇ. ಆಚೆ ನಮ್ಮೋರು ಟೈರಿಗೆ ಪಂಕ್ಚರ್ ಹಾಕ್ತಾರೆ, ಈಚೆ ನಾನು ಇದಕ್ಕೆ. ಅಲ್ಲಾಡಬ್ಯಾಡಿ ಅಮ್ಮಾ."

ರವಿಕೆ ಹೊಲಿಯುವ ಪೆಟ್ಟಿಗೆಯಿಂದ ಸೂಜಿ ತೆಗೆದು, ಕುದಿನೀರಿನಲ್ಲಿ ಅದ್ದಿ, ದಾರ ಪೋಣಿಸಿ ಬೊಬ್ಬೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಯಿಸಿದಳು. ದಾರ ಕಣ್ಣು ಕುಕ್ಕುವ ಗಿಳಿಹಸಿರು. "ಇದೊಂದೇ ಬಣ್ಣ ಉಳಿದಿರೋದು. ತೆಗೀಬ್ಯಾಡಿ, ಇದರ ಗುಂಟ ನೀರು ಇಳೀತೈತೆ."

"ಹೊರಗಿರೋ ಅಕ್ಕಾರಿಗೆ ಹೇಳ್ಬ್ಯಾಡ್ರಿ."

"ನನ್ನ ಬಾಯಿಂದ ಯಾರಿಗೂ ಹೋಗಲ್ಲ."

ಹೊರಗೆ ಕೊಲ್ಲಾಪುರಮ್ಮ ಕಂಬಕ್ಕೆ ಒರಗಿದ್ದವಳು ನೆಟ್ಟಗಾದಳು. "ಇಷ್ಟೊತ್ತು?"

"ಆಯಮ್ಮ ಮಾತಿಗೆ ಕೂರಿಸ್ಕಂಡ್ಲು."

"ಹೌದಾ? ಹಂಗಾದ್ರೆ ನಾನೂ ಮಾತಾಡಿಸಿ ಬರ್ತೀನಿ."

ಅವಳು ಬರುವುದು ತಡವಾಯಿತು. ಯಾಕೆ ಎಂದು ವನಜಾಕ್ಷಿ ಯೋಚಿಸಲಿಲ್ಲ. ಹಳೆಯ ಟೈರಿನ ಮೇಲೆ ಕೂತ ಸುಖದಲ್ಲಿ ಅವಳ ಬುದ್ಧಿಯೆಲ್ಲ ಪಾದಕ್ಕೆ ಇಳಿದಿತ್ತು.

ಇಳಿಹೊತ್ತಿಗೆ ಹಟ್ಟಿಯ ದಾರಿಯಲ್ಲಿ ಒಂದು ಮೋರಿಕಟ್ಟೆ ಸಿಕ್ಕಿತು. "ಮಾರಯ್ಯ ಮುಂದೆ ಹೋಗ್ಲಿ, ಹೊತ್ತು ಮುಳುಗೋದು ನೋಡೋಣ," ಅಂದಳು ಕೊಲ್ಲಾಪುರಮ್ಮ. ಇಬ್ಬರೂ ಕೂತರು. ಹೊತ್ತು ಮುಳುಗುವ ಮೊದಲೇ ಕೊಲ್ಲಾಪುರಮ್ಮ ತೂಕಡಿಸತೊಡಗಿದಳು. ಅವಳ ಕಾಲು ಮುಂದಕ್ಕೆ ಜಾರಿ, ಅಂಗಾಲು ವನಜಾಕ್ಷಿಯ ಕಡೆ ತಿರುಗಿತು.

ಹೆಬ್ಬೆರಳ ಬುಡದಲ್ಲೊಂದು, ಹಿಮ್ಮಡಿಯಲ್ಲೆರಡು ಗಿಳಿಹಸಿರು ಬಾಲಗಳು ಗಾಳಿಗೆ ಆಡುತ್ತಿದ್ದವು.

ವನಜಾಕ್ಷಿಗೆ ನಗು ಉಕ್ಕಿತು, ಸೆರಗು ಕಚ್ಚಿ ತಡೆದಳು. ತನ್ನ ಪಾದವನ್ನು ಸೀರೆಯೊಳಗೆ ಎಳೆದುಕೊಂಡರೆ ಸಾಕು, ಇನ್ನು ಮೇಲುಗೈ ತನ್ನದೇ. ಮಂಡಿಯ ಮಾತು ಅಲ್ಲಿಗೆ ಮುಗಿದ ಹಾಗೆ. ಆದರೆ ಆ ಪಾದವನ್ನು ಇನ್ನೊಮ್ಮೆ ನೋಡಿದಳು. ಬಿರುಕಿನಲ್ಲಿ ಧೂಳು ತುಂಬಿತ್ತು. ನಾಗವೇಣಿ ಹೋಗಿ ಬಾಳಬೇಕಾದ್ದು ಈ ಹೆಂಗಸಿನ ಜೊತೆ. ಸೋತ ಅತ್ತೆಯ ಮನೆಯಲ್ಲಿ ಸೊಸೆಗೆ ಏನು ಸುಖ?

ಅವಳು ತನ್ನ ಕಾಲನ್ನೂ ಮುಂದೆ ಚಾಚಿ, ಕೊಲ್ಲಾಪುರಮ್ಮನ ಕಾಲಿನ ಪಕ್ಕ ಇಟ್ಟಳು. ಆಮೇಲೆ ಕೆಮ್ಮಿದಳು.

ಕೊಲ್ಲಾಪುರಮ್ಮ ಕಣ್ಣು ಬಿಟ್ಟಳು. ತನ್ನ ದಾರ ನೋಡಿದಳು, ಪಕ್ಕದ ದಾರ ನೋಡಿದಳು. ಮೆಲ್ಲಗೆ ಕೇಳಿದಳು.

"ವರ್ಷಾ ನಡೀತೀರಾ?"

"ಬಸ್ಸಿನಾಗೆ ಹೋಗ್ತೀನಿ. ಮಂಡಿ ನೋವೂ ನಿಜ."

"ಮಗ ಗಾಡಿ ತಗಂಡ ಮ್ಯಾಲೆ ನಾನು ಹೊಲಕ್ಕೂ ಅದರ ಹಿಂದೆ ಕೂತೇ ಹೋಗಾದು. ನಿಮ್ಮ ನಡಿಗೆ ಸುದ್ದಿ ಕೇಳಿ, ಸೊಸಿ ಅವ್ವನ ಮುಂದೆ ಸೋಲ್ಬೇಕಾ ಅಂತ ಹೊಂಟೆ."

"ಮತ್ತೆ ನನ್ನ ಮಂಡಿ ಕೇಳಿದ್ಯಾಕೆ?"

"ನಮ್ಮನ್ಯಾಗೆ ಆಗ್ಲೇ ನನ್ನವೇ ಎರಡು ಮಂಡಿ ಕೆಟ್ಟಾವೆ. ಇನ್ನೆರಡು ಬಂದ್ರೆ ಕೊಡ ಎತ್ತೋರ್ಯಾರು ಅಂತ." ಬೆನ್ನಿಗೇ ಕೇಳಿದಳು, "ಹುಡುಗಿಗೆ ಯಾರ ಕಾಲು?"

"ಅವರಪ್ಪಂದು, ಗಟ್ಟಿ. ಬಾಯಿ ಮಾತ್ರ ನಂದು, ಪುಣ್ಯಕ್ಕೆ."

ಕೊಲ್ಲಾಪುರಮ್ಮ ನಗಲು ಶುರುಮಾಡಿದವಳು ಕಣ್ಣಲ್ಲಿ ನೀರು ಬರುವವರೆಗೂ ನಿಲ್ಲಿಸಲಿಲ್ಲ. ದೂರದಿಂದ ಮಾರಯ್ಯ ಕೂಗಿದ, "ಏಳ್ರವ್ವಾ, ಕೂತ್ರೆ ಕಾಲು ಹಿಡ್ಕಂತಾವೆ."

"ಹಿಡ್ಕಂಡಾವೆ ಕಣಪ್ಪ. ಬಿಟ್ಟ ಮ್ಯಾಲೆ ಬರ್ತೀವಿ."

ಸ್ವಾಮಿಯ ಮುಂದೆ ಮುಗಿಯಬೇಕಿದ್ದ ಮಾತು ಮೋರಿಕಟ್ಟೆಯ ಮೇಲೆಯೇ ಮುಗಿಯಿತು. ಮದುವೆ ಚಳ್ಳಕೆರೆಯಲ್ಲಿ, ಬೇಸಿಗೆ ಕಳೆದ ಮೇಲೆ. ಕೊಲ್ಲಾಪುರಮ್ಮನದು ಒಂದೇ ಷರತ್ತು, "ಛತ್ರ ನೆಲಮಟ್ಟದಾಗೆ ಇರ್ಬೇಕು. ಮೆಟ್ಟಿಲು ಇದ್ರೆ ನಾನು ಮದುವಿಗೆ ಬರಲ್ಲ."

"ನಾನೂ ಬರಲ್ಲ."

ಕೊಲ್ಲಾಪುರಮ್ಮ ಕೈ ಚಾಚಿದಳು. "ಹಿಡ್ಕಳ್ರಿ ಬೀಗ್ತೇರೇ, ಏಳಾಣ."

ಆ ಹೆಸರಿನಿಂದ ಯಾರೂ ವನಜಾಕ್ಷಿಯನ್ನು ಕರೆದಿರಲಿಲ್ಲ. ಒಬ್ಬರನ್ನೊಬ್ಬರು ಎಳೆದು, ಎರಡು ಸಲ ಕುಸಿದು ಕೂತು, ಮೂರನೆಯ ಸಲಕ್ಕೆ ಎದ್ದರು. ಬಿಸಿಲು ಹೋಗಿ ಡಾಂಬರು ತಣ್ಣಗಾಗಿತ್ತು. ಆದರೂ ಇಬ್ಬರೂ ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟುಕೊಂಡು, ಬಿಳಿ ಗೆರೆಯ ಮೇಲೆಯೇ ಕುಂಟುತ್ತಾ ಹೊರಟರು.