ಎಡಕ್ಕೆ ಬಾಗಿದ ಕೋವಿ

ಎಡ್ವಿನ್ ಪ್ರಾಬರ್ಟ್ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಗುರುವಾರ ಬೆಳಗ್ಗೆ. ನಾನು ನಮ್ಮ ಇಗರ್ಜಿಯ ಹಿತ್ತಾಳೆಯ ದೀಪಸ್ತಂಭಗಳನ್ನು ಉಜ್ಜುತ್ತಿದ್ದೆ. ಅವನ ತಂಗಿ ಮಾರ್ಜರಿ ಏದುಸಿರು ಬಿಡುತ್ತ ಒಳಗೆ ಬಂದಳು.

"ಕ್ಲಿಫ್, ಅಣ್ಣ ಹೋಗ್ಬಿಟ್ಟ ಕಣೋ. ಚಹಾ ತಗೊಂಡು ಹೋದೆ. ಕುರ್ಚೀಲೇ ಹಾಗೇ ಒರಗಿದ್ದ."

ಅವಳನ್ನು ಬೆಂಚಿನ ಮೇಲೆ ಕೂರಿಸಿದೆ. ಅವಳು ಕಣ್ಣೊರೆಸಿಕೊಂಡು, "ಅವನ ಕೋವಿ ಮನೇಲಿದೆ. ನನಗೆ ಪರವಾನಗಿ ಇಲ್ಲ. ಪೊಲೀಸರಿಗೆ ತಿಳಿಸಿ ನೀನೇ ತಗೊಂಡು ಹೋಗ್ತೀಯಾ?" ಎಂದಳು.

ಕೋವಿಯ ಮಾತು ಕೇಳಿ ನಾನು ತಲೆ ತಗ್ಗಿಸಿದೆ.

ಹೆರೆಫರ್ಡ್‌ಶೈರ್ ಸೀಮೆಯ ನಮ್ಮ ಕಡೆ ಹಳೆಯ ಕೋವಿ ಕೊಳ್ಳಲು ಯಾರೂ ಒಬ್ಬರೇ ಹೋಗುವುದಿಲ್ಲ. ತಿಳಿದ ಗೆಳೆಯನೊಬ್ಬನನ್ನು ಕರೆದೊಯ್ಯುತ್ತಾರೆ. ಅವನು ನಳಿಗೆಯೊಳಗೆ ಇಣುಕಿ, ಕೀಲು ಅಲುಗಾಡಿಸಿ, ಸರಿ ಎಂದ ಮೇಲೆಯೇ ವ್ಯಾಪಾರ. ಮೂವತ್ತು ವರ್ಷಗಳಿಂದ ಊರಿಗೆಲ್ಲ ಆ ಗೆಳೆಯ ನಾನೇ. ಎಡ್ವಿನ್ ಮಾತ್ರ ನನ್ನನ್ನು ಕರೆಯಲಿಲ್ಲ. ಹೋದ ವಸಂತದಲ್ಲಿ ಒಬ್ಬನೇ ಹರಾಜಿಗೆ ಹೋಗಿ ಎಂಬತ್ತು ಪೌಂಡಿಗೆ ಜೋಡು ನಳಿಗೆಯದೊಂದನ್ನು ತಂದ. ಭಾನುವಾರ ಪ್ರಾರ್ಥನೆಯಾದ ಮೇಲೆ ನಾವು ಕೆಲವರು ಕುರಿಯ ಹೊಲದಲ್ಲಿ ಸೇರಿ, ಯಂತ್ರದಿಂದ ಮಣ್ಣಿನ ಬಿಲ್ಲೆಗಳನ್ನು ಹಾರಿಸಿ ಹೊಡೆಯುತ್ತೇವೆ. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಭಾನುವಾರಗಳು ಭಾರವಾಗಿದ್ದವು, ನಮ್ಮ ಜೊತೆ ಸೇರಲೆಂದೇ ಅವನು ಕೋವಿ ಕೊಂಡದ್ದು.

ಮೊದಲ ದಿನವೇ ನಮ್ಮ ಗುಂಪಿನ ಲೆನ್ ಗ್ವಿಲ್ಲಿಮ್ ಛೇಡಿಸಿದ. "ಏನಯ್ಯಾ ಎಡ್ವಿನ್, ಇದನ್ನ ನಿಮ್ಮಜ್ಜನ ಗೋರಿಯಿಂದ ಅಗೆದು ತಂದ್ಯಾ?"

"ನಗು, ನಗು. ಹತ್ತು ಬಿಲ್ಲೆ ಒಡೀತೀನಿ ನೋಡು. ನಿನ್ನ ಹೆಂಡತಿ ಮಾಡಿದ ಕೇಕೆಲ್ಲ ನಂದೇ."

"ಒಂದು ಒಡಿ ಸಾಕು, ತಟ್ಟೇನೂ ಕೊಡ್ತೀನಿ!"

ಎಡ್ವಿನ್ ಕೋವಿಯನ್ನು ಕೀಲಿನ ಬಳಿ ಮಡಿಚಿ ನನ್ನ ಕೈಗಿತ್ತ. "ನೋಡು ಕ್ಲಿಫ್, ಹೇಗಿದೆ?"

ನಾನು ಹಿಂದಿನಿಂದ ನೋಡಿದೆ. ಕೆನ್ನೆಗೊತ್ತುವ ಮರ ತುಸು ಎಡಕ್ಕೆ ಬಾಗಿತ್ತು. ಅದು ಎಡಗೈಯವನಿಗಾಗಿ ಮಾಡಿಸಿದ ಕೋವಿ. ಅಷ್ಟು ಅಗ್ಗಕ್ಕೆ ಸಿಕ್ಕಿದ್ದೂ ಅದಕ್ಕೇ. ಎಡ್ವಿನ್ ಬಲಗೈಯವನು. ಅವನ ಕಣ್ಣು ನಳಿಗೆಯ ನೇರಕ್ಕೆ ಬರಲಾರದು, ಚರೆ ಬಿಲ್ಲೆಯ ಎಡಕ್ಕೇ ಹೋಗುವುದು. ನಾನು ಒಂದು ಮಾತು ಹೇಳಿದ್ದರೆ ಬಡಗಿ ಒಂದು ವಾರದಲ್ಲಿ ಸರಿಮಾಡಿಕೊಡುತ್ತಿದ್ದ.

"ನೀನೇ ಆರಿಸಿದ್ದಲ್ವಾ? ಚೆನ್ನಾಗೇ ಇರ್ಬೇಕು," ಎಂದು ಹಿಂದಿರುಗಿಸಿದೆ. ನನ್ನನ್ನು ಕರೆಯದೆ ಕೊಂಡನಲ್ಲ, ಇನ್ನೊಮ್ಮೆ ಕೇಳಲಿ, ಆಮೇಲೆ ಹೇಳೋಣ ಎಂಬ ಬಿಗುಮಾನ ನನಗೆ.

ಮೂರು ಭಾನುವಾರ ಅವನು "ಬಿಡು!" ಎಂದು ಕೂಗಿದ, ಬಿಲ್ಲೆ ಹಾರಿತು, ಹಾಗೆಯೇ ಹುಲ್ಲಿಗೆ ಬಿತ್ತು. ಉಳಿದವರು ನಕ್ಕರು. ನಾನೂ ನಕ್ಕೆ. ಮೂರನೆಯ ವಾರ ಅವನು ನನ್ನನ್ನು ಬೇಲಿಯ ಬಳಿಗೆ ಕರೆದು ಮೆಲ್ಲಗೆ ಕೇಳಿದ: "ನಿಜ ಹೇಳು, ನನ್ನ ಕಣ್ಣು ಹೋಯ್ತೇನೋ?"

"ವಯಸ್ಸಾಯ್ತಲ್ಲ ಮಾರಾಯ, ಯಾರಿಗೆ ತಪ್ಪಿದ್ದು," ಎಂದುಬಿಟ್ಟೆ.

ನಾಲ್ಕನೆಯ ಭಾನುವಾರ ಅವನು ಬರಲಿಲ್ಲ. ಹೇಳಬೇಕು, ಹೇಳಬೇಕು ಎಂದುಕೊಳ್ಳುತ್ತಲೇ ಹುಲ್ಲಿನ ಕೊಯ್ಲು ಬಂತು, ಸೇಬಿನ ಕೊಯ್ಲು ಬಂತು.

"ಅವನು ಕೊಳ್ಳುವಾಗ ನನ್ನನ್ನು ಯಾಕೆ ಕರೀಲಿಲ್ಲ?" ಎಂದು ಈಗ ಬೆಂಚಿನ ಮೇಲೆ ಕೂತಿದ್ದ ಮಾರ್ಜರಿಯನ್ನು ಕೇಳಿದೆ.

"ಆ ವಾರ ನಿನ್ನ ಸೊಂಟ ಹಿಡಿದಿತ್ತಲ್ಲ. ಹರಾಜಲ್ಲಿ ನಿಂತ್ಕೊಳ್ಳೋಕೆ ಕ್ಲಿಫ್‌ಗೆ ಕಷ್ಟ, ಎಳೆದಾಡೋದು ಬೇಡ ಅಂದ." ಅವಳು ವೇದಿಕೆಯ ಕಡೆ ನೋಡಿದಳು. "ಆಮೇಲೆ ಕಣ್ಣು ಹೋಯ್ತು ಅಂತ ಕೊರಗಿಗೆ ಬಿದ್ದ. ಇಲ್ಲಿ ಪ್ರಾರ್ಥನೇಲಿ ಬೈಬಲ್ ವಾಕ್ಯ ಓದೋದನ್ನೂ ಬಿಟ್ಟ. ತಪ್ಪು ಓದಿ ದೇವರ ಮಾತು ಕೆಡಿಸಬಾರದು ಅಂತಿದ್ದ."

ಅವನು ಓದುವುದನ್ನು ಬಿಟ್ಟದ್ದನ್ನು ನಾನೂ ಕಂಡಿದ್ದೆ. ಸೋಮಾರಿತನ ಎಂದುಕೊಂಡಿದ್ದೆ. ಅವಳಿಗೆ ಎಲ್ಲವನ್ನೂ ಹೇಳಿದೆ, ಏನನ್ನೂ ಬಿಡಲಿಲ್ಲ.

ಅವಳು ಬೈಯಲಿಲ್ಲ. "ಅವನಿಗೆ ಹೇಳ್ಬೇಕಾಗಿತ್ತು, ಕ್ಲಿಫ್. ನನಗಲ್ಲ," ಎಂದಷ್ಟೇ ಹೇಳಿ ಮೊಣಕಾಲೂರಿದಳು. ನಾನು ಅವಳಿಂದ ಸ್ವಲ್ಪ ದೂರದಲ್ಲಿ ಮೊಣಕಾಲೂರಿದೆ.

ಕರ್ತನೇ, ನಿನ್ನ ಸೇವಕ ಎಡ್ವಿನ್‌ನನ್ನು ನಿನ್ನ ಬಳಿ ಸೇರಿಸಿಕೋ. ಅವನ ಕಣ್ಣಿನಲ್ಲಿ ದೋಷವಿರಲಿಲ್ಲ. ಅದನ್ನು ನಾನು ಹೇಳಲಿಲ್ಲ, ನೀನು ಹೇಳು. ಅವನ ಆತ್ಮಕ್ಕೆ ಶಾಂತಿಯನ್ನು ಕೊಡು. ಆಮೆನ್.